ರಾಯರ ಹೆಬ್ಬೆಟ್ಟು

ಮೊನ್ನೆ ಮಂಗಳವಾರ ನಮ್ಮ ಮನೆಯ ಮೆಟ್ಟಿಲವರೆಗೆ ಬಂದ ಗ್ಯಾಸ್ ಸಿಲಿಂಡರ್, ಹತ್ತು ನಿಮಿಷ ಮಳೆಯಲ್ಲಿ ನಿಂತು, ವಾಪಸ್ ಗಾಡಿ ಹತ್ತಿ ಹೋಯಿತು. ಆಟಿ ತಿಂಗಳು. ಹೊರಗೆ ಜಡಿಮಳೆ. ಒಳಗಿದ್ದ ಸಿಲಿಂಡರ್ ಇವತ್ತೋ ನಾಳೆಯೋ ಅನ್ನುವ ಹಾಗಿತ್ತು. ತಪ್ಪು ಗ್ಯಾಸ್ ತಂದ ಹುಡುಗನದ್ದಲ್ಲ, ಪಾಪ. ನನ್ನದು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಮಾತ್ರ ರಾಯರ ಹೆಬ್ಬೆಟ್ಟಿನದ್ದು ಅನ್ನುತ್ತೇನೆ.

ನಮ್ಮದು ಏಳು ಜನರ ಒಂದು ವಾಟ್ಸಾಪ್ ಗುಂಪು. ಹೆಸರು ‘ಲೆಕ್ಕಕ್ಕಿಲ್ಲದವರು’. 2020ರ ಲಾಕ್‌ಡೌನ್‌ನಲ್ಲಿ ಹೊತ್ತು ಹೋಗದೆ ಸುಡೊಕು ಬಿಡಿಸಲು ಸೇರಿದವರು, ಲಾಕ್‌ಡೌನ್ ಮುಗಿದರೂ ಬಿಟ್ಟು ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದ್ದು ಡಿಪಿಯಲ್ಲಿ ಮಾತ್ರ. ಅದರಲ್ಲೂ ಮೂವರ ಡಿಪಿಯಲ್ಲಿರುವುದು ದೇವರು. ಕಡಿಯಾಳಿಯ ಸಂಗೀತದ ಟೀಚರ್, ಕಂಕನಾಡಿಯ ಗಣಿತದ ಮಾಸ್ಟ್ರು, ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಶೆಟ್ರು, ಬಹರೈನ್‌ನಲ್ಲಿರುವ ಮೂಲ್ಕಿಯ ಹುಡುಗ, ಯಾವತ್ತೂ ಏನೂ ಬರೆಯದೆ ಎಲ್ಲ ಓದುವ ಒಬ್ಬರು (ಅವರು ಯಾರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ), ನಾನು, ಮತ್ತೆ ರಾಯರು.

ರಾಯರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು. ಯಾವ ಬ್ಯಾಂಕು ಅಂತ ಹೇಳುವುದಿಲ್ಲ. ನಮ್ಮೂರಲ್ಲಿ ಅದಕ್ಕೇನು ಬರವಾ? 1906ರಲ್ಲಿ ಮಂಗಳೂರಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಬೇರೆ ಊರಲ್ಲಿ ಹೋಟೆಲ್ ಹುಟ್ಟುವ ಹಾಗೆ ಇಲ್ಲಿ ಬ್ಯಾಂಕು ಹುಟ್ಟಿವೆ. ಹೋಟೆಲೂ ಹುಟ್ಟಿವೆ, ಅದು ಬೇರೆ ಮಾತು. ಈಗ ಆ ಐದರಲ್ಲಿ ಮೂರು ಬೇರೆ ಬ್ಯಾಂಕಿನ ಹೊಟ್ಟೆಗೆ ಸೇರಿದವು. ಲೆಕ್ಕದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಅನ್ನುವ ಜಂಬ ಮಾತ್ರ ಇನ್ನೂ ವಿಲೀನ ಆಗಿಲ್ಲ.

ರಾಯರು ಭಾನುವಾರ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಒಗಟು ಹಾಕುತ್ತಾರೆ. ಹೋದ ತಿಂಗಳು ಹಾಕಿದ್ದು ‘ಸೆಂಡ್ + ಮೋರ್ = ಮನಿ’. ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಅಂಕಿ ಇಟ್ಟು ಲೆಕ್ಕ ತಾಳೆ ಮಾಡಬೇಕು. ಇಂಗ್ಲೆಂಡಿನ ಹೆನ್ರಿ ಡ್ಯೂಡೆನಿ ಎಂಬಾತ 1924ರಲ್ಲೇ ಹಾಕಿದ ಒಗಟು. 9567ಕ್ಕೆ 1085 ಕೂಡಿಸಿದರೆ 10652. ಬಹರೈನ್ ಹುಡುಗ ಹತ್ತೇ ನಿಮಿಷದಲ್ಲಿ ಬಿಡಿಸಿದ. “ಇದು ನನಗೆ ಪ್ರತಿ ತಿಂಗಳು ಒಂದನೇ ತಾರೀಕಿಗೆ ಮನೆಯಿಂದ ಬರ್ತದೆ” ಅಂದ.

ಅವತ್ತೂ ರಾಯರು ಒತ್ತಿದ್ದು ಹೆಬ್ಬೆಟ್ಟು. ಹಳದಿ ಬಣ್ಣದ್ದು, ಮೇಲ್ಮುಖ. ಸರಿ ಉತ್ತರಕ್ಕೂ ಅದೇ, ತಪ್ಪು ಉತ್ತರಕ್ಕೂ ಅದೇ. “ಇದು ಸರಿಯಾ ರಾಯರೇ?” ಅಂದರೆ ಹೆಬ್ಬೆಟ್ಟು. “ಹಾಗಾದ್ರೆ ತಪ್ಪಾ?” ಅಂದರೆ ಅದಕ್ಕೂ ಹೆಬ್ಬೆಟ್ಟು. ಇದರ ಅರ್ಥ ‘ಸರಿ’ ಅಂತ ಮಾಸ್ಟ್ರು. ಅಲ್ಲ, ‘ನೋಡಿದೆ’ ಅಂತ ಟೀಚರ್. ‘ಇನ್ನು ಸಾಕು, ಮಲಗಿ’ ಅಂತ ಶೆಟ್ರು. ಒಂದು ಸಲ ಒಂದೇ ಒಗಟಿಗೆ ಮಾಸ್ಟ್ರು 14 ಅಂದರು, ಶೆಟ್ರು 41 ಅಂದರು, ಇಬ್ಬರಿಗೂ ಹೆಬ್ಬೆಟ್ಟು ಬಿತ್ತು. ಇಬ್ಬರೂ ತಾವೇ ಗೆದ್ದದ್ದು ಅಂತ ಮೂರು ದಿನ ಜಗಳ ಆಡಿದರು. ಆ ಜಗಳದ ಒಂದೊಂದು ಮಾತಿಗೂ ರಾಯರು ತಪ್ಪದೆ ಹೆಬ್ಬೆಟ್ಟು ಒತ್ತಿದರು. ಟೀಚರ ಚಿಕ್ಕಮ್ಮ ತೀರಿಹೋದ ಸುದ್ದಿಗೂ ಒಂದು ಬಿತ್ತು. ಆಮೇಲೆ ಯಾರೋ ಹೇಳಿರಬೇಕು, ಅದನ್ನು ತೆಗೆದು ಕೈಮುಗಿಯುವ ಚಿತ್ರ ಹಾಕಿದರು. ಹಾಗಾದರೆ ಅವರ ಫೋನಿನಲ್ಲಿ ಬೇರೆ ಚಿತ್ರಗಳೂ ಉಂಟು, ಹಾಕುವ ಮನಸ್ಸಿಲ್ಲ ಅಷ್ಟೇ ಅಂತ ನಮಗೆ ಗೊತ್ತಾದದ್ದು ಅವತ್ತು.

ನನಗೆ ಅನ್ನಿಸುವುದು ಇಷ್ಟು. ಸಹಿ ಬಾರದವರ ಎಡಗೈ ಹಿಡಿದು, ಶಾಯಿ ಡಬ್ಬಿಗೆ ಒತ್ತಿಸಿ, ಸಾಲದ ಪತ್ರಕ್ಕೆ ಒತ್ತಿಸಿ, ಮೂವತ್ತೈದು ವರ್ಷ ಇನ್ನೊಬ್ಬರ ಹೆಬ್ಬೆಟ್ಟು ತೆಗೆದುಕೊಂಡವರು ಇವರು. ಈಗ ಅದನ್ನೆಲ್ಲ ಬಡ್ಡಿ ಸಮೇತ ನಮಗೆ ವಾಪಸ್ ಕೊಡುತ್ತಿದ್ದಾರೆ.

ಈ ಭಾನುವಾರದ ಒಗಟು ನೋಡಲಿಕ್ಕೆ ಪಾಪದ್ದು. 6, 8, 2, 7, 5, 1, 9, 4, 3, 0. ಇದು ಯಾವ ಕ್ರಮ? ಅಷ್ಟೇ. ಸುಳಿವು ಕೇಳಿದ್ದಕ್ಕೆ “ಸರಿಯಾಗಿ ಓದಿ” ಅಂತ ಬರೆದು ಡಾಟಾ ಆಫ್ ಮಾಡಿದರು. ಮಾಸ್ಟ್ರಿಗೆ ಸಿಟ್ಟು ಬಂತು. “ನಾನೇ ದಿನಾ ನೂರು ಮಕ್ಕಳಿಗೆ ಹೇಳುವ ಮಾತು ಇದು, ನನಗೇ ಹೇಳ್ತಾರೆ” ಅಂದರು. ಸೋಮವಾರ ಇಡೀ ದಿನ ಕೂಡಿಸಿದೆವು, ಕಳೆದೆವು, ವರ್ಗ ಮಾಡಿದೆವು. ಉಡುಪಿಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗುತ್ತಾ ಟಿಕೆಟಿನ ಹಿಂದೆ ಬರೆದು ಬರೆದು ನಾನು ಎರಡು ಸ್ಟಾಪ್ ಮುಂದೆ ಇಳಿದೆ. ಮಳೆಯಲ್ಲಿ ವಾಪಸ್ ನಡೆಯುವಾಗಲೂ ಬಾಯಲ್ಲಿ ಸಿಕ್ಸ್ ಏಯ್ಟ್ ಟೂ ಸೆವೆನ್.

ಮಂಗಳವಾರ ಆಫೀಸಿನಲ್ಲಿ ಮೀಟಿಂಗ್ ಶುರುವಾಗುವ ಹೊತ್ತಿಗೆ ಗ್ಯಾಸಿನ ಒಟಿಪಿ ಬಂತು. 2965. ಇವರು, ಅಂದರೆ ನಮ್ಮ ಯಜಮಾನರು, ಮನೆಯಿಂದಲೇ ಕೆಲಸ ಮಾಡುವವರು. ಕಾಪಿ ಮಾಡಿ ಇವರಿಗೆ ಕಳಿಸಿ, ಫೋನ್ ಸೈಲೆಂಟ್ ಮಾಡಿ ಒಳಗೆ ಹೋದೆ. ಕಳಿಸಿದ್ದು ಇವರಿಗಲ್ಲ, ಗುಂಪಿಗೆ.

ಒಂದೂವರೆ ಗಂಟೆ ಬಿಟ್ಟು ನೋಡುತ್ತೇನೆ, ಇವರ ಆರು ಮಿಸ್ಡ್ ಕಾಲ್, ಗುಂಪಿನಲ್ಲಿ 63 ಮೆಸೇಜು. ನನ್ನ ಒಟಿಪಿಯ ಕೆಳಗೆ ಎಲ್ಲರಿಗಿಂತ ಮೊದಲು ಬಿದ್ದದ್ದು ರಾಯರ ಹೆಬ್ಬೆಟ್ಟು.

ಇನ್ನೇನು ಬೇಕು? “ಎಂಥಾ ಕೀಲಿಕೈ ಹಿಡಿದಿದ್ದೀರಿ!” ಅಂತ ಟೀಚರ್ ಶುರು ಮಾಡಿದ್ದರು. 29 ಅಂದರೆ ಶಂಕರಾಭರಣ, 65 ಅಂದರೆ ಕಲ್ಯಾಣಿ. 72 ಮೇಳಕರ್ತ, ಅಂದರೆ ಮೂಲ ರಾಗಗಳ ಹೆಸರಲ್ಲೇ ಅದರ ನಂಬರ್ ಅಡಗಿರುತ್ತದೆ, ಒಂದೊಂದು ವ್ಯಂಜನಕ್ಕೆ ಒಂದೊಂದು ಅಂಕಿ ಇಡುವ ಕಟಪಯಾದಿ ಲೆಕ್ಕ. ಧೀರಶಂಕರಾಭರಣದ ‘ಧೀ’ 9, ‘ರ’ 2, ತಿರುಗಿಸಿ ಓದಿದರೆ 29. ಮೇಚಕಲ್ಯಾಣಿಯ ‘ಮೇ’ 5, ‘ಚ’ 6, ತಿರುಗಿಸಿದರೆ 65. ಇವೆರಡಕ್ಕೂ ವ್ಯತ್ಯಾಸ ಒಂದೇ ಸ್ವರ, ಮಧ್ಯಮ. ಶುದ್ಧ ಮಧ್ಯಮದ ರಾಗಕ್ಕೆ 36 ಕೂಡಿಸಿದರೆ ಅದರ ಪ್ರತಿಮಧ್ಯಮದ ಜೋಡಿ ಸಿಗುತ್ತದೆ. 29ಕ್ಕೆ 36 ಕೂಡಿಸಿ ನೋಡಿ, ಮೈ ಜುಂ ಅನ್ನುವುದಿಲ್ವಾ? ಅಂತ ಕೇಳಿ, ನಾಲ್ಕು ನಿಮಿಷದ ಆಲಾಪನೆಯನ್ನೂ ಹಾಡಿ ಹಾಕಿದ್ದರು. ನನ್ನ ಗ್ಯಾಸಿನ ಒಟಿಪಿಗೆ.

ಮಾಸ್ಟ್ರು ಬಿಡುತ್ತಾರಾ? ಈ ನಾಲ್ಕು ಅಂಕಿಗಳನ್ನು ಇಳಿಕೆಯಲ್ಲಿ ಬರೆಯಿರಿ, 9652. ಏರಿಕೆಯಲ್ಲಿ, 2569. ಕಳೆದರೆ 7083. ಅದಕ್ಕೂ ಹಾಗೇ ಮಾಡಿ, 8730ರಿಂದ 0378 ಕಳೆದರೆ 8352. ಇನ್ನೊಂದು ಸಲ, 8532ರಿಂದ 2358 ಕಳೆದರೆ 6174. “ಮೂರೇ ಹೆಜ್ಜೆಯಲ್ಲಿ ಕಾಪ್ರೇಕರ್ ಸ್ಥಿರಾಂಕ! ಇದು ಆಕಸ್ಮಿಕ ಅಲ್ಲ.” ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ 1949ರಲ್ಲಿ ಜಗತ್ತಿಗೆ ಹೇಳಿದ್ದೇ ಅದು: ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ ಯಾವ ನಾಲ್ಕಂಕಿ ಸಂಖ್ಯೆಯೂ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದೇ ಬರುತ್ತದೆ. ಅಂದ ಮೇಲೆ ನನ್ನ ಒಟಿಪಿ ಮಾತ್ರ ಬೇರೆ ಎಲ್ಲಿಗೆ ಹೋಗುತ್ತದೆ ಮಾರಾಯ್ರೆ? ಇಷ್ಟು ಹೊತ್ತಿಗೆ ಬಹರೈನ್ ಹುಡುಗ ಒಂದು ಎಕ್ಸೆಲ್ ಶೀಟೇ ಮಾಡಿ ಹಾಕಿದ್ದ. ಎಲ್ಲದಕ್ಕೂ ಹೆಬ್ಬೆಟ್ಟು.

ಅದು ಗ್ಯಾಸಿನದ್ದು ಅಂತ ಹೇಳಬೇಕಿತ್ತು. ಟೈಪ್ ಕೂಡ ಮಾಡಿದೆ. ಆದರೆ ಟೀಚರ್ ಹಾಡಿದ ಕಲ್ಯಾಣಿ ನಿಜಕ್ಕೂ ಚೆನ್ನಾಗಿತ್ತು. ಅಳಿಸಿದೆ. ಇನ್ನೊಂದು ಸತ್ಯ ಹೇಳುತ್ತೇನೆ, ಇಷ್ಟೆಲ್ಲ ಓದಿದ ಮೇಲೆ ನನಗೇ ಸಣ್ಣ ಅನುಮಾನ ಶುರುವಾಗಿತ್ತು. ರಾಯರು ಸುಮ್ನೆ ಹೆಬ್ಬೆಟ್ಟು ಒತ್ತುತ್ತಾರಾ?

ಇವರಿಗೆ ಫೋನ್ ಮಾಡಿದೆ. “ಅವ ಹತ್ತು ನಿಮಿಷ ಕಾದು ಹೋದ. ಇನ್ನು ಈ ಕಡೆ ಬರುವುದು ಶುಕ್ರವಾರ ಅಂತೆ” ಅಂದರು. ಆ ಸ್ವರ ಯಾವ ಮೇಳಕರ್ತಕ್ಕೂ ಸೇರಿದ್ದಲ್ಲ.

ಅವತ್ತು ಸಂಜೆಯೇ ಗ್ಯಾಸ್ ಮುಗಿಯಿತು. ಯಾವಾಗ? ಪತ್ರೊಡೆ ಅರ್ಧ ಬೆಂದಾಗ. ಕೆಸುವಿನ ಎಲೆ ಅರ್ಧ ಬೆಂದರೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಗಂಟಲೇ ಹೇಳುತ್ತದೆ. ಇಂಡಕ್ಷನ್ ಸ್ಟವ್ ತೆಗೆದೆ, ಕರೆಂಟ್ ಹೋಯಿತು. ಅತ್ತೆ ಒಂದು ಮಾತೂ ಆಡದೆ ಇಡ್ಲಿ ಪಾತ್ರೆಯನ್ನು ಹಾಗೇ ಎತ್ತಿಕೊಂಡು ಹೋಗಿ ಬಚ್ಚಲಿನ ಒಲೆಯ ಮೇಲಿಟ್ಟರು. ಅವರು ಬೈಯದೆ ಇದ್ದದ್ದೇ ನನಗೆ ಜಾಸ್ತಿ ಆಯಿತು. ನಾನು ಮಣೆ ಹಾಕಿಕೊಂಡು ಕೂತು ತೆಂಗಿನ ಗರಟೆ ಒಂದೊಂದೇ ಒಲೆಗೆ ಹಾಕಿದೆ.

ಹೊಗೆ, ಮಳೆಯ ಸದ್ದು, ಒದ್ದೆ ಗೋಡೆಯ ಮೇಲೆ ಬೆಂಕಿಯ ಬೆಳಕು. ಅಮ್ಮನ ಮನೆಯಲ್ಲಿ ಆಟಿಯಲ್ಲಿ ಅಜ್ಜಿ ಚೆನ್ನೆಮಣೆ ತೆಗೆಯುತ್ತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಅಜ್ಜಿ ಗುಳಿ ನೋಡಿ ಎಣಿಸುತ್ತಿರಲಿಲ್ಲ. ಕಾಯಿ ಬೀಳುವ ಟಕ್ ಟಕ್ ಸದ್ದಿಗೆ ಬಾಯಲ್ಲಿ ಒಂಜಿ, ರಡ್ಡ್, ಮೂಜಿ ಅಂತ ಹೋಗುತ್ತಿತ್ತು, ಕಣ್ಣು ಅಂಗಳದಲ್ಲಿ ಒಣಗದ ಬಟ್ಟೆಯ ಮೇಲೆ. ನಾನು ಒಂದು ಕಾಯಿ ಕದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅಜ್ಜಿ ಹೋದ ಮೇಲೆ ಆ ಮಣೆ ಯಾರ ಮನೆಗೆ ಹೋಯಿತೋ. ನಮ್ಮಲ್ಲಂತೂ ಇಲ್ಲ.

“ಎಂತ ಅದು, ಎರಡು ದಿನದಿಂದ ಸಿಕ್ಸ್ ಏಯ್ಟ್ ಅಂತ ಜಪ ಮಾಡುವುದು?” ಅಂದರು ಅತ್ತೆ. ಪಾತ್ರೆಯ ಮುಚ್ಚಳಕ್ಕೆ ಕಲ್ಲು ಹೇರುತ್ತಿದ್ದರು. ಒಗಟು ಅತ್ತೆ, ಅಂದೆ. “ಕನ್ನಡದಲ್ಲಿ ಹೇಳು. ಇಂಗ್ಲಿಷ್ ಅಂಕಿ ನನ್ನ ತಲೆಗೆ ಹತ್ತುವುದಿಲ್ಲ.”

ಫೋನಿನಲ್ಲಿ ಉಳಿದದ್ದು ಹನ್ನೆರಡು ಪರ್ಸೆಂಟ್ ಚಾರ್ಜು. ನೋಡಿ ಓದಿದೆ. ಆರು. ಎಂಟು. ಎರಡು. ಏಳು. ಐದು. ಒಂದು. ಒಂಬತ್ತು...

“ನಾಲ್ಕು, ಮೂರು, ಕೊನೆಗೆ ಸೊನ್ನೆಯಾ?”

ನಾನು ಗರಟೆ ಕೈಯಲ್ಲೇ ಹಿಡಿದು ನೋಡಿದೆ. ಅತ್ತೆ ಪ್ರೈಮರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಹಾಜರಿ ಕರೆದವರು. “ಅಕಾರಾದಿ ಅಲ್ವಾ ಅದು? ಆ, ಎ, ಏ, ಐ, ಒ, ಆಮೇಲೆ ನ, ಮ, ಸ. ಹಾಜರಿ ಪುಸ್ತಕದ ಹಾಗೆ ಉಂಟು. ಅದಕ್ಕೆ ಎಂತ ಎರಡು ದಿನ? ಆ ಗರಟೆ ಒಲೆಗೆ ಹಾಕು ಮೊದಲು.”

ನಿಘಂಟಿನ ಕ್ರಮ! ಸರಿಯಾಗಿ ಓದಿ ಅಂತ ರಾಯರು ಅಂದದ್ದು ಬೈಗುಳವೇ ಅಲ್ಲ, ಸುಳಿವು. ಆರು ಜನ ಕನ್ನಡದವರು ಎರಡು ದಿನ ತಲೆ ಕೆರೆದುಕೊಂಡಿದ್ದೇವೆ, ಒಬ್ಬರೂ ಒಂದು ಸಲವೂ ಆ ಅಂಕಿಗಳನ್ನು ಕನ್ನಡದಲ್ಲಿ ಓದಿರಲಿಲ್ಲ. ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಗುಂಪಿಗೆ ಬರೆದೆ. ಅತ್ತೆಯ ಹೆಸರು ಹಾಕಲಿಲ್ಲ, ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಬಹರೈನ್ ಹುಡುಗ ತಲೆ ಚಚ್ಚಿಕೊಂಡ. ಇಂಗ್ಲಿಷಿನ ಕ್ರಮದ್ದು, 8, 5, 4, 9, 1, 7, 6, 3, 2, 0, ಹಳೇ ಒಗಟು, ಅವನಿಗೆ ಗೊತ್ತೇ ಇತ್ತಂತೆ. ಟೀಚರ್ “ಹಾಗಾದ್ರೆ 2965?” ಅಂತ ಕೇಳಿದರು. ನಾನು ಓದದವಳ ಹಾಗೆ ಇದ್ದುಬಿಟ್ಟೆ.

ಶೆಟ್ರು ಮಾತ್ರ ಒಪ್ಪಲಿಲ್ಲ. ತುಳುವಿನಲ್ಲಿ ನೋಡಿ ಅಂದರು. ಆಜಿ, ಎಣ್ಮ, ಏಳ್, ಐನ್, ಒಂಜಿ, ಒರ್ಂಬ, ನಾಲ್, ಮೂಜಿ, ರಡ್ಡ್. ಕನ್ನಡದಲ್ಲಿ ಮೂರನೇ ಜಾಗದಲ್ಲಿರುವ ಎರಡು, ತುಳುವಿಗೆ ಬಂದರೆ ಬಾಲಕ್ಕೆ ಹೋಗುತ್ತದೆ. ಉಳಿದದ್ದು ಒಂದೂ ಅಲುಗುವುದಿಲ್ಲ. ನಾನು ಬೆರಳು ಮಡಿಸಿ ನೋಡಿದೆ, ಹೌದು! ಸೊನ್ನೆಯನ್ನು ಶೆಟ್ರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ವ್ಯಾಪಾರದವರು ನೋಡಿ. “ಆದ್ದರಿಂದ ರಾಯರು ಎರಡನ್ನು ತಪ್ಪು ಜಾಗದಲ್ಲಿ ಬರೆದಿದ್ದಾರೆ” ಅಂತ ತೀರ್ಪು ಕೊಟ್ಟರು.

ನನ್ನ ಉತ್ತರಕ್ಕೆ ಹೆಬ್ಬೆಟ್ಟು. ಶೆಟ್ರ ತೀರ್ಪಿಗೂ ಹೆಬ್ಬೆಟ್ಟು. ಆಮೇಲೆ ರಾಯರ ಡಾಟಾ ಆಫ್.

ಇವತ್ತು ಶುಕ್ರವಾರ. ರಜೆ ಹಾಕಿ ಮನೆಯಲ್ಲೇ ಕೂತೆ. ಹೊಸ ಒಟಿಪಿ ಬಂತು, 8041. ನೋಡಿದ ಕೂಡಲೇ ಎಂಬತ್ತನೇ ಮೇಳಕರ್ತ ಯಾವುದು ಅಂತ ಯೋಚಿಸಿದೆ. ಇರುವುದೇ 72. ಸಮಾಧಾನ ಆಯಿತು. ಹನ್ನೊಂದು ಗಂಟೆಗೆ ಅದೇ ಹುಡುಗ ಸಿಲಿಂಡರ್ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದ. ರೈನ್‌ಕೋಟಿನಿಂದ ನೀರು ಸುರಿಯುತ್ತಿತ್ತು. ಫೋನಿಗೆ ಕಟ್ಟಿದ ಪ್ಲಾಸ್ಟಿಕ್ ಒರೆಸಿಕೊಂಡು “ಒಟಿಪಿ ಹೇಳಿ ಅಕ್ಕಾ” ಅಂದ.

“ಎಂಟು, ಸೊನ್ನೆ, ನಾಲ್ಕು, ಒಂದು.”

ಅವ ತಲೆ ಎತ್ತಿ ನೋಡಿದ. “ಅದು ಗೊತ್ತಾಗುದಿಲ್ಲ ಅಕ್ಕಾ. ನಂಬರಲ್ಲಿ ಹೇಳಿ.”