ಮೊದಲು ಬೀಗ, ಬಿಡುವಾದರೆ ವಿಚಾರಣೆ

ಕೋರ್ಟು ಕಚೇರಿ ಅಂದರೆ ಚಪ್ಪಲಿ ಸವೆಯುವ ಕೆಲಸ ಅಂತ ಗೊಣಗುವವರು ಅಮೆರಿಕದ ಡೊಮೇನ್ ಜಪ್ತಿಯನ್ನೊಮ್ಮೆ, ಅಂದರೆ ಜಾಲತಾಣದ ಹೆಸರನ್ನೇ ಸರ್ಕಾರ ಕಿತ್ತುಕೊಳ್ಳುವುದನ್ನೊಮ್ಮೆ ನೋಡಬೇಕು. ವಾಯಿದೆ ಇಲ್ಲ, ಪಾಟೀಸವಾಲು ಇಲ್ಲ, ಆರೋಪಿಯನ್ನು ಕರೆದು ಕೇಳುವ ದಾಕ್ಷಿಣ್ಯವೂ ಇಲ್ಲ. ರಾತ್ರಿ ಮಲಗುವಾಗ ಸೈಟು ನಿಮ್ಮದು. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿ ಅಮೆರಿಕ ಸರ್ಕಾರದ ಹದ್ದಿನ ಮುದ್ರೆ.

2010ರ ನವೆಂಬರ್‌ನಲ್ಲಿ ದಜಾಜ್1 ಎಂಬ ಹಿಪ್‌ಹಾಪ್ ತಾಣಕ್ಕೆ ಹೀಗೆ ಬೀಗ ಬಿತ್ತು. ಹಾಡು ಕದ್ದಿದ್ದಾರೆ ಅಂತ ದೂರು. ಪ್ರಚಾರಕ್ಕೆಂದು ಹಾಡು ಕಳಿಸಿಕೊಟ್ಟವರು ಸಂಗೀತ ಕಂಪನಿಯವರೇ ಅಂತ ತಾಣದವರ ವಾದ. ವಾದ ಇದ್ದರೇನು, ಕೇಳುವ ಕಿವಿ ಬೇಕಲ್ಲ? ಮೊಕದ್ದಮೆ ಹೂಡಲು ಸರ್ಕಾರ ಕೋರ್ಟಿನಿಂದ ಗಡುವಿನ ಮೇಲೆ ಗಡುವು ಪಡೆಯಿತು. ಆ ಆದೇಶವನ್ನಾದರೂ ತೋರಿಸಿ ಅಂದ ತಾಣದ ವಕೀಲರಿಗೆ ಸಿಕ್ಕ ಉತ್ತರ: ಅದು ಗೌಪ್ಯ. ವರ್ಷ ದಾಟಿದ ಮೇಲೆ ಡೊಮೇನ್ ವಾಪಸ್ ಬಂತು, ಮೊಕದ್ದಮೆ ಮಾತ್ರ ಬರಲೇ ಇಲ್ಲ. ಶಿಕ್ಷೆ ಪೂರ್ತಿ ಅನುಭವಿಸಿದ್ದಾಗಿತ್ತು, ಅಪರಾಧವೊಂದು ಸಿಗುವುದು ಬಾಕಿ ಇತ್ತು.

ಇದಾದರೂ ಒಂದು ತಾಣದ ಕಥೆ. 2011ರ ಫೆಬ್ರವರಿಯಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಹತ್ತು ತಾಣ ಹಿಡಿಯಲು ಹೊರಟ ಅಮೆರಿಕದ ಗೃಹಭದ್ರತಾ ಇಲಾಖೆಯವರು, ಸಾವಿರಾರು ಜನ ಹಂಚಿಕೊಂಡಿದ್ದ ಮೂ ಡಾಟ್ ಕಾಮ್ ಎಂಬ ಡೊಮೇನನ್ನೇ ಎತ್ತಿದರು. ಅದರಡಿ ಇದ್ದದ್ದು ಸುಮಾರು 84,000 ಉಪವಿಳಾಸಗಳು. ತನ್ನ ಪಾಡಿಗೆ ತಾನು ಪುಟ ಮಾಡಿಕೊಂಡವನ ಬಾಗಿಲಿಗೂ ಅದೇ ಫಲಕ: ಇದು ಮಕ್ಕಳ ಅಶ್ಲೀಲ ಚಿತ್ರದ ಅಪರಾಧ, 30 ವರ್ಷದವರೆಗೆ ಜೈಲು. ಪುಟ ನೋಡಲು ಬಂದ ನೆಂಟರಿಷ್ಟರಿಗೆ ಏನೆಂದು ಉತ್ತರ ಹೇಳುವುದು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡಿದ್ದೇವೆ. ಇವರು ಊರ ದನವನ್ನೆಲ್ಲ ಕಟ್ಟಿದರು. ಆಮೇಲೆ ಇಲಾಖೆ, ಅಚಾತುರ್ಯ ಆಯಿತು ಅಂತ ಒಪ್ಪಿಕೊಂಡಿತು. ಅಚಾತುರ್ಯ ಅಂದರೆ ಚಹಾ ಚೆಲ್ಲಿದ ಹಾಗೆ.

ಇನ್ನು ವಿದೇಶಾಂಗ ನೀತಿ. ಸ್ಪೇನಿನಲ್ಲಿ ನೆಲೆಸಿದ್ದ ಒಬ್ಬ ಇಂಗ್ಲಿಷ್ ವ್ಯಾಪಾರಿ ಯುರೋಪಿನವರಿಗೆ ಕ್ಯೂಬಾ ಪ್ರವಾಸ ಮಾರುತ್ತಿದ್ದ. ಆತ ಅಮೆರಿಕದವನಲ್ಲ, ಗಿರಾಕಿಗಳು ಯುರೋಪಿನವರು, ಸರ್ವರ್ ಇದ್ದದ್ದು ಬಹಾಮಾಸ್‌ನಲ್ಲಿ. ಹೆಸರು ನೋಂದಾಯಿಸಿದ ಕಂಪನಿಯೊಂದು ಮಾತ್ರ ಅಮೆರಿಕದ್ದು. ಅಷ್ಟು ಸಾಕಾಯಿತು. ಅಮೆರಿಕದ ಖಜಾನೆ ಇಲಾಖೆಯ ಕಪ್ಪುಪಟ್ಟಿಯಲ್ಲಿ ಆತನ ವ್ಯಾಪಾರ ಕಂಡು ಆ ಕಂಪನಿ 2007ರಲ್ಲಿ ಆತನ ಸುಮಾರು 80 ಹೆಸರುಗಳನ್ನು ನಂದಿಸಿತು. ಹೆಮಿಂಗ್ವೇ ಕ್ಯೂಬಾದಲ್ಲಿ ಬಾಳಿದ ಬಗೆಗಿನ ತಾಣವೂ ಹೋಯಿತು. ಸತ್ತ ಲೇಖಕನಿಂದಲೂ ದೇಶಕ್ಕೆ ಅಪಾಯ ಇರಬಹುದು, ಯಾರಿಗೆ ಗೊತ್ತು. ಕ್ಯೂಬಾ ಆಳುತ್ತಿದ್ದ ಕ್ಯಾಸ್ಟ್ರೋ ಮೇಲಿನ ಸಿಟ್ಟು, ಟಿಕೆಟ್ ಮಾರುವವನ ಮೇಲೆ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆತ ಮೊದಲು ಏನೋ ತಾಂತ್ರಿಕ ದೋಷ ಅಂದುಕೊಂಡಿದ್ದನಂತೆ. ಪಾಪ.

ಹೆಸರು ಬೇರೆ ಕಡೆ ನೋಂದಾಯಿಸಿದರೂ ಡಾಟ್ ಕಾಮ್ ಆದರೆ ಬಿಡುಗಡೆ ಇಲ್ಲ. ಅದರ ಮೂಲ ಖಾತೆ ಪುಸ್ತಕ ಇರುವುದು ಅಮೆರಿಕದ ವರ್ಜೀನಿಯಾದ ವೆರಿಸೈನ್ ಕಂಪನಿಯ ಕೈಯಲ್ಲಿ. ರೋಹದಿರೆಕ್ತ ಎಂಬ ಕ್ರೀಡಾ ತಾಣ ತಪ್ಪು ಮಾಡಿಲ್ಲ ಅಂತ ಸ್ಪೇನಿನ ಕೋರ್ಟು ಎರಡು ಸಲ ಹೇಳಿತ್ತು. ಆದರೂ 2011ರಲ್ಲಿ ಜಪ್ತಿಯಾದ ಅದರ ಹೆಸರು ಮರಳಿದ್ದು 2012ರ ಆಗಸ್ಟ್‌ನಲ್ಲಿ.

ಅಂದ ಹಾಗೆ, ಇದೇ ಜಾಲದಲ್ಲಿ ಡಾಟ್ ಕಾಮ್‌ನ ಹಾಗೆ ಡಾಟ್ ಎಸ್‌ಯು ಅಂತ ಒಂದು ಬಾಲ ಇದೆ. ಸೋವಿಯತ್ ಒಕ್ಕೂಟದ್ದು. ದೇಶ 1991ರಲ್ಲೇ ತೀರಿಹೋದರೂ ದಶಕಗಟ್ಟಲೆ ಅದರ ಫಲಕ ಮಾತ್ರ ಗೋಡೆ ಬಿಟ್ಟು ಇಳಿಯಲಿಲ್ಲ. ಕ್ಯೂಬಾ ಟಿಕೆಟ್ ಮಾರುವವನು ಅಲ್ಲೊಂದು ಹೆಸರು ತೆಗೆದುಕೊಳ್ಳಬೇಕಿತ್ತು.