ಗುದ್ದಾಟವೇ ಕಾವಲಾದರೆ ರೆಫರಿ ಯಾಕೆ?

ಐಸ್ ಹಾಕಿಯಲ್ಲಿ ತಿರುಗಿ ಗುದ್ದುವವನ ಭಯ ಇದ್ದರೇನೇ ಸ್ಟಾರ್ ಆಟಗಾರರು ಕ್ಷೇಮ, ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ವೃತ್ತಿಪರ ಲೀಗ್) ಗುದ್ದಾಟವನ್ನು ನಿಲ್ಲಿಸಬಾರದು ಅಂತ ಲೇಖಕರು ಬರೆದಿದ್ದಾರೆ. ಒಪ್ಪಲು ಆಗಲಿಲ್ಲ ಸರ್. ಸ್ಟಾರ್‌ಗಳು ಕ್ಷೇಮ ಸರಿ, ಅವರ ಪರವಾಗಿ ಏಟು ತಿನ್ನುವವನ ಕಥೆ?

ಎನ್‌ಎಚ್‌ಎಲ್ ಆಟಗಾರ ಡೆರೆಕ್ ಬೂಗಾರ್ಡ್ ಹೆಸರೇ ಲೇಖನದಲ್ಲಿಲ್ಲ. ಮೊದಲು ಮಿನೆಸೋಟ ವೈಲ್ಡ್ ತಂಡ, ಆಮೇಲೆ ನ್ಯೂಯಾರ್ಕ್ ರೇಂಜರ್ಸ್. 277 ಪಂದ್ಯ, ಗೋಲು ಬರೀ 3. ಅವನನ್ನು ಇಟ್ಟುಕೊಂಡಿದ್ದೇ ಮುಷ್ಟಿಗಾಗಿ. 2010ರ ಡಿಸೆಂಬರ್‌ನಲ್ಲಿ ಒಟ್ಟಾವಾ ತಂಡದ ವಿರುದ್ಧದ ಗುದ್ದಾಟದಲ್ಲಿ ತಲೆಗೆ ಪೆಟ್ಟು ಬಿತ್ತು, ಮತ್ತೆ ಅಂಕಣಕ್ಕೆ ಇಳಿಯಲೇ ಇಲ್ಲ. 2011ರ ಮೇ ತಿಂಗಳಲ್ಲಿ ಮದ್ಯ ಮತ್ತು ನೋವಿನ ಮಾತ್ರೆ ಸೇರಿ ಪ್ರಾಣ ಹೋಯಿತು. ವಯಸ್ಸು 28! ಬೋಸ್ಟನ್ ವಿಶ್ವವಿದ್ಯಾಲಯದವರು ಮಿದುಳು ಪರೀಕ್ಷಿಸಿದಾಗ ಸಿಕ್ಕಿದ್ದು ಸಿಟಿಇ, ಅಂದರೆ ತಲೆಗೆ ಪದೇಪದೇ ಪೆಟ್ಟು ಬಿದ್ದವರಲ್ಲಿ ಕಾಣುವ ಕಾಯಿಲೆ.

ಎನ್‌ಎಚ್‌ಎಲ್‌ನಲ್ಲಿ ಗುದ್ದಾಡಿದರೆ ಸಾಮಾನ್ಯವಾಗಿ ಐದು ನಿಮಿಷ ಹೊರಗೆ ಕೂತರೆ ಮುಗೀತು. ಒಲಿಂಪಿಕ್ಸ್‌ನಲ್ಲಿ ಹೀಗೆ ಮಾಡಿದರೆ ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ. ಅಲ್ಲಿ ಸ್ಟಾರ್‌ಗಳಿಗೆ ಯಾರು ಕಾವಲು ಮತ್ತೆ? ಕೆನಡಾದ ಕ್ವಿಬೆಕ್‌ನ ಜೂನಿಯರ್ ಲೀಗ್ ಕೂಡ 2023ರಲ್ಲಿ ನಿಯಮ ಬಿಗಿ ಮಾಡಿತು.

ಗುದ್ದಾಟ ಶುರುವಾದರೆ ಕ್ರೀಡಾಂಗಣದಲ್ಲಿ ಜನ ಎದ್ದು ನಿಂತು ಕೂಗುತ್ತಾರೆ ಅನ್ನೋದು ನಿಜ. ನಾನೂ ಟಿವಿ ಮುಂದೆ ಕೂಗಿದವನೇ, ಸುಳ್ಳು ಯಾಕೆ ಹೇಳಲಿ. ಹಾಗಿದ್ದರೆ "ಜನಕ್ಕೆ ಮಜಾ ಬರುತ್ತೆ, ಅದಕ್ಕೆ ಬಿಟ್ಟಿದ್ದೇವೆ" ಅಂತ ಎನ್‌ಎಚ್‌ಎಲ್‌ನವರು ನೇರವಾಗಿ ಹೇಳಲಿ. ಹೆಲ್ಮೆಟ್ ಕಳಚಿ ಗುದ್ದಾಡಿದರೆ ಹೆಚ್ಚುವರಿ ಎರಡು ನಿಮಿಷ ಅಂತ 2013ರಲ್ಲಿ ನಿಯಮ ತಂದರು. ಹೊಡೆದಾಡಿ, ಹೆಲ್ಮೆಟ್ ಮಾತ್ರ ಹಾಕಿಕೊಂಡಿರಿ ಅಂದ ಹಾಗಾಯ್ತು!