ಮತ್ತೆ ಮೇಲೇರಿದ ಪೈಲಟ್‌ನನ್ನು ಬೈಯುವವರಿಗೆ

ಹುಬ್ಬಳ್ಳಿಯಲ್ಲಿ ಇಳಿಯಬೇಕಾದ ವಿಮಾನ ಇನ್ನೇನು ನೆಲ ಮುಟ್ಟಿತು ಎನ್ನುವಾಗ ಗರ್ಜಿಸಿ ಮೇಲೇರಿದರೆ, ಒಳಗೆ ಶುರುವಾಗುವ ಗೊಣಗಾಟವನ್ನು ಕೇಳಬೇಕು. ‘ಹೊಸಬನಿರಬೇಕು’, ‘ಇಳಿಸಲು ಬರುವುದಿಲ್ಲವೇ ಇವನಿಗೆ?’ ನನಗಂತೂ ಆ ಪೈಲಟ್‌ನ ಮೇಲೆ ಗೌರವ ಹುಟ್ಟುತ್ತದೆ.

ಇಳಿಯುವಾಗಿನ ಅವಘಡಗಳು ಎಷ್ಟೋ ಸಲ ಶುರುವಾಗುವುದು ರನ್‌ವೇಯ ಮೇಲಲ್ಲ, ಅದಕ್ಕೂ ಮೊದಲು ಆಕಾಶದಲ್ಲಿ. ಎತ್ತರ ಹೆಚ್ಚಿದೆ, ವೇಗ ಹೆಚ್ಚಿದೆ, ಆದರೂ ‘ನಡೆಯುತ್ತದೆ ಬಿಡು’ ಎಂದುಕೊಂಡ ಗಳಿಗೆಯಲ್ಲಿ. ಶೇ 10ರಷ್ಟು ಹೆಚ್ಚು ವೇಗದಲ್ಲಿ ನೆಲ ಮುಟ್ಟಿದರೆ ನಿಲ್ಲಲು ಬೇಕಾದ ದೂರ ಸುಮಾರು ಶೇ 20ರಷ್ಟು ಹಿಗ್ಗುತ್ತದೆ. ಸಣ್ಣ ವಿಮಾನಗಳಿಗೆ ಇದಕ್ಕಿಂತ ಕ್ರೂರವಾದದ್ದು ರನ್‌ವೇಗೆ ನೇರವಾಗುವ ಕೊನೆಯ ತಿರುವು. ಗಾಳಿಯ ತಳ್ಳಾಟಕ್ಕೆ ರನ್‌ವೇಯ ನೇರ ದಾಟಿ ಹೋಗಿದ್ದರೆ, ಹೇಗಾದರೂ ಹಿಂದಕ್ಕೆ ತರಬೇಕೆಂದು ರಡ್ಡರ್ (ಮೂತಿಯನ್ನು ಎಡ–ಬಲಕ್ಕೆ ಹೊರಳಿಸುವ ಬಾಲದ ಹಲಗೆ) ಪೆಡಲ್ ಒತ್ತಿ, ಮೂತಿ ಎತ್ತಿ ಬಿಗಿಯಾಗಿ ತಿರುಗಿಸುತ್ತಾರೆ. ಒಳಬದಿಯ ರೆಕ್ಕೆಯ ಎತ್ತುವ ಬಲ ಕುಸಿದು ವಿಮಾನ ಮಗುಚುತ್ತದೆ. 500 ಅಡಿ ಎತ್ತರದಲ್ಲಿ ಸಾವರಿಸಿಕೊಳ್ಳಲು ಆಸ್ಪದವೇ ಇರುವುದಿಲ್ಲ. ನೆಲಕ್ಕೆ ಬಡಿದು ಪುಟಿದಾಗ ಮೂತಿಯನ್ನು ಕೆಳಗೆ ಒತ್ತಿದರೆ ಮುಂದಿನ ಚಕ್ರ ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಾಗಬಹುದು. ಪೂರ್ತಿ ಶಕ್ತಿ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಹಾಕಿ ಬಂದಿದ್ದರೆ ತಪ್ಪುತ್ತಿದ್ದ ಅನಾಹುತಗಳಿವು.

ಇದು ಪೈಲಟ್‌ಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹದ ತಪ್ಪಿದ ಇಳಿಕೆಗಳಲ್ಲಿ ಸುಮಾರು ಶೇ 3ರಷ್ಟರಲ್ಲಿ ಮಾತ್ರ ಪೈಲಟ್‌ಗಳು ಮತ್ತೆ ಮೇಲೇರುತ್ತಾರೆ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್‌ನ ಅಧ್ಯಯನ ಹೇಳಿತ್ತು. ನಮ್ಮ ಎರಡು ಪಥದ ಹೆದ್ದಾರಿಗಳಲ್ಲಿ ಓವರ್‌ಟೇಕ್ ಮಾಡಲು ಅರ್ಧ ನುಗ್ಗಿದ ಚಾಲಕ ಎದುರಿಗೆ ಲಾರಿ ಕಂಡರೂ ಹಿಂದೆ ಸರಿಯುತ್ತಾನೆಯೇ? ಮನಸ್ಸು ಅದೇ.

2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಜನ ಸತ್ತರು. ಮೇಲೇರೋಣ ಎಂದು ಸಹ ಪೈಲಟ್ ಒಂದಲ್ಲ, ಹಲವು ಸಲ ಹೇಳಿದ್ದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲಕ್ಕೆ ತಾಗಿತು. ಆಮೇಲೆ ಕ್ಯಾಪ್ಟನ್ ಮತ್ತೆ ಹಾರಲು ಯತ್ನಿಸಿದರು. ಎಲ್ಲಿಂದ ಹಾರುವುದು?

ಹುಬ್ಬಳ್ಳಿಯಲ್ಲೂ 2015ರ ಮಾರ್ಚ್‌ನಲ್ಲಿ ಮಳೆಯಲ್ಲಿ ಇಳಿದ ವಿಮಾನವೊಂದು ರನ್‌ವೇ ಬಿಟ್ಟು ಜಾರಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮುಂಗಾರಿನ ಪಡುವಣ ಗಾಳಿ ಪೂರ್ವ–ಪಶ್ಚಿಮಕ್ಕೆ ಮಲಗಿರುವ ನಮ್ಮ ರನ್‌ವೇಗೆ ಹೆಚ್ಚುಕಡಿಮೆ ನೇರವಾಗಿಯೇ ಬೀಸುತ್ತದೆ, ಅದು ಅನುಕೂಲವೇ. ಮೇ ತಿಂಗಳ ಸಂಜೆಯ ಗುಡುಗು ಗಾಳಿಗೆ ಮಾತ್ರ ದಿಕ್ಕು ದೆಸೆ ಇಲ್ಲ.

ನನಗೆ ನಿಜವಾದ ಚಿಂತೆ ಬಾಡಿಗೆಯ ಸಣ್ಣ ವಿಮಾನಗಳದ್ದು. ದೊಡ್ಡ ವಿಮಾನದ ಪ್ರಯಾಣಿಕರ ಗೊಣಗಾಟ ಮುಚ್ಚಿದ ಬಾಗಿಲಿನಾಚೆ ಉಳಿಯುತ್ತದೆ. ಇಲ್ಲಿ ಯಜಮಾನ ಪೈಲಟ್‌ನ ಬೆನ್ನಿಗೇ ಕುಳಿತಿರುತ್ತಾನೆ. ಚುನಾವಣೆ ಬಂತೆಂದರೆ ಗದಗ, ಹಾವೇರಿಯ ಸಭೆಗಳಿಗೆ ಹೊರಟ ನಾಯಕರು ಇಂಥವುಗಳಲ್ಲೇ ಹುಬ್ಬಳ್ಳಿಗೆ ಬಂದಿಳಿಯುತ್ತಾರೆ. ‘ಇಲ್ಲಿ ಹವೆ ಸರಿಯಿಲ್ಲ, ಬೇರೆ ಕಡೆ ಹೋಗೋಣ ಸರ್’ ಎನ್ನಲು ಎಷ್ಟು ಧೈರ್ಯ ಬೇಕು! ಪೈಲಟ್‌ಗಳಿಗೆ ತರಬೇತಿ ಇದ್ದೇ ಇದೆ. ‘ಜನ ಸೇರಿಯಾಗಿದೆ, ಬೇಗ ಇಳಿಸಿ’ ಎನ್ನುವ ಆಪ್ತ ಸಹಾಯಕರನ್ನೂ ಅದಕ್ಕೆ ಒಂದು ದಿನ ಕಳಿಸಿದರೆ ಒಳ್ಳೆಯದು.